ಪಡಸಾಲೆಯ ದಿಂಬು: ಅಂದಕ್ಕೂ ಮೊದಲು ಆಸರೆ

ಮನೆಯ ಪಡಸಾಲೆಗೆ ಹೊಸ ಕಳೆ ತರಬೇಕೆಂದರೆ ಗೋಡೆಗೆ ಬಣ್ಣ ಹೊಡೆಸುವುದು, ಸೋಫಾ ಬದಲಿಸುವುದು, ಪರದೆ ಹೊಲಿಸುವುದು ಇವೆಲ್ಲ ಹಣ ಮತ್ತು ಪುರುಸೊತ್ತು ಎರಡನ್ನೂ ಬೇಡುವ ಕೆಲಸಗಳು. ಅದೇ ಗೋಡೆ, ಅದೇ ಸೋಫಾ ಇಟ್ಟುಕೊಂಡು ನಾಲ್ಕು ದಿಂಬುಗಳ ಗವಸು ಬದಲಿಸಿ ನೋಡಿ. ಕೋಣೆಯ ಚಹರೆಯೇ ಬೇರೆಯಾಗಿ ಕಾಣುತ್ತದೆ. ಹಬ್ಬ ಸಮೀಪಿಸುತ್ತಿದ್ದಂತೆ ಪೇಟೆಬೀದಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ಕುಶನ್ ಕವರ್‌ಗಳಿಗೆ ಬೇಡಿಕೆ ಏರುವುದು ಇದೇ ಕಾರಣಕ್ಕೆ.

ಆದರೆ ಹೀಗೆ ಕೊಂಡು ತಂದ ದಿಂಬುಗಳಲ್ಲಿ ಎಷ್ಟು ನಿಜಕ್ಕೂ ಬಳಕೆಯಾಗುತ್ತವೆ? ಅನೇಕ ಮನೆಗಳಲ್ಲಿ ಸಂಜೆ ಟೀವಿಯ ಮುಂದೆ ಕುಳಿತುಕೊಳ್ಳುವಾಗ ಅವು ನೆಲಕ್ಕೆ ಇಳಿಯುತ್ತವೆ. ನೆಂಟರು ಬರುವ ಸುದ್ದಿ ತಿಳಿದೊಡನೆ ಮತ್ತೆ ಸೋಫಾ ಏರುತ್ತವೆ. ಬಂದ ನೆಂಟರೂ ಕುಳಿತುಕೊಳ್ಳುವ ಮೊದಲು ಅವುಗಳನ್ನು ಒಂದೆಡೆ ಸರಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ.

ಇದಕ್ಕೆ ಕಾರಣ ಆಯ್ಕೆಯ ಕ್ರಮ ತಲೆಕೆಳಗಾಗಿರುವುದು. ನಾವು ಮೊದಲು ಬಣ್ಣ ನೋಡುತ್ತೇವೆ, ಬಳಿಕ ಬಟ್ಟೆ, ಆಮೇಲೆ ಅಳತೆ. ಒಳಗೆ ತುಂಬಿರುವುದೇನು ಎಂದು ಕೇಳುವವರು ಕಡಿಮೆ. ಅದಕ್ಕೆ ಒರಗುವವರು ಯಾರು ಎಂದು ಯೋಚಿಸುವವರು ಇನ್ನೂ ಕಡಿಮೆ. ಈ ಕ್ರಮವನ್ನು ತಿರುಗಿಸಿ, ಕೂರುವವರಿಂದ ಆರಂಭಿಸಿ ಬಣ್ಣದಲ್ಲಿ ಮುಗಿಸಿದರೆ ಖರ್ಚು ಕಡಿಮೆಯಾಗುತ್ತದೆ, ದಿಂಬು ಸೋಫಾದ ಮೇಲೆಯೇ ಉಳಿಯುತ್ತದೆ, ಬೆನ್ನಿಗೂ ಉಸಿರಿಗೂ ಒಳಿತಾಗುತ್ತದೆ.

ಗಾದಿ, ಲೋಡು, ಒರಗುದಿಂಬು

ದಿಂಬು ನಮ್ಮ ಮನೆಗಳಿಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಹಳೆಯ ಪಡಸಾಲೆಗಳಲ್ಲಿ ನೆಲದ ಮೇಲೆ ಗಾದಿ, ಅದರ ಮೇಲೆ ಬಿಳಿಯ ಹೊದಿಕೆ, ಗೋಡೆಗೆ ಆನಿಸಿದ ಲೋಡು ಇರುತ್ತಿದ್ದವು. ಜವಳಿ ಅಂಗಡಿಗಳಲ್ಲಿ ಈ ಏರ್ಪಾಡು ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ. ಹಳೆ ಮೈಸೂರು ಭಾಗದ ಮನೆಗಳಲ್ಲಿ ದಿವಾನದ ಮೇಲೆ, ತೂಗುಮಂಚದ ಮೇಲೆ ಒರಗುದಿಂಬು ಇರುತ್ತಿತ್ತು. ಅಲ್ಲೆಲ್ಲ ದಿಂಬಿಗೆ ಒಂದು ಖಚಿತವಾದ ಕೆಲಸವಿತ್ತು. ಆಸನಕ್ಕೆ ಬೆನ್ನಿಲ್ಲದ ಕಡೆ ಅದೇ ಬೆನ್ನಾಗುತ್ತಿತ್ತು.

ಸೋಫಾ ಬಂದಾಗ ತನ್ನದೇ ಆದ ಬೆನ್ನನ್ನು ಹೊತ್ತು ತಂದಿತು. ದಿಂಬಿನ ಮೂಲ ಕೆಲಸ ಅಲ್ಲಿಗೆ ಮುಗಿದು, ಅಲಂಕಾರದ ಪಾತ್ರ ಮುಂದಾಯಿತು. ಸೋಫಾದ ಬೆನ್ನಿನ ಮುಂದೆ ಇನ್ನೊಂದು ದಪ್ಪ ದಿಂಬು ಬಂದರೆ ಕೂರುವವರು ಅಷ್ಟರಮಟ್ಟಿಗೆ ಮುಂದಕ್ಕೆ ತಳ್ಳಲ್ಪಡುತ್ತಾರೆ. ಕೆಲವರಿಗೆ ಇದು ಬೇಕಾದದ್ದೇ, ಕೆಲವರಿಗೆ ಬೇಡವಾದದ್ದು. ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ.

ಮೊದಲು ಕೂರುವವರನ್ನು ನೋಡಿ

ಮನೆಯ ಸದಸ್ಯರು ಒಬ್ಬೊಬ್ಬರಾಗಿ ಬೆನ್ನು ಪೂರ್ತಿ ತಾಗುವಂತೆ ಸೋಫಾದಲ್ಲಿ ಕುಳಿತುಕೊಳ್ಳಲಿ. ಮಂಡಿಯ ಹಿಂಭಾಗಕ್ಕೂ ಆಸನದ ಅಂಚಿಗೂ ನಡುವೆ ಎರಡು ಅಥವಾ ಮೂರು ಬೆರಳು ಹಿಡಿಸುವಷ್ಟು ಅಂತರವಿದ್ದು, ಪಾದಗಳು ನೆಲದ ಮೇಲೆ ಊರಿದ್ದರೆ ಆ ಆಸನ ಅವರಿಗೆ ಸರಿಹೊಂದುತ್ತದೆ. ಅವರ ಬೆನ್ನ ಹಿಂದೆ ದಪ್ಪ ದಿಂಬಿನ ಅಗತ್ಯವಿಲ್ಲ.

ಮಂಡಿಯ ಹಿಂಭಾಗ ಅಂಚಿಗೆ ಒತ್ತುತ್ತಿದ್ದರೆ ಅಥವಾ ಕಾಲು ನೆಲಕ್ಕೆ ಎಟುಕದಿದ್ದರೆ ಆಸನ ಅವರಿಗೆ ಆಳವಾಯಿತೆಂದು ಅರ್ಥ. ಎತ್ತರ ಕಡಿಮೆ ಇರುವವರಿಗೆ, ಅದರಲ್ಲೂ ವಯಸ್ಸಾದ ಮಹಿಳೆಯರಿಗೆ, ಇಂದಿನ ಆಳವಾದ ಸೋಫಾಗಳು ಹೀಗೆಯೇ ಒದಗುತ್ತವೆ. ಒಂದೋ ಅವರು ಬೆನ್ನಿಗೆ ಆಸರೆಯಿಲ್ಲದೆ ಅಂಚಿನಲ್ಲಿ ಕೂರುತ್ತಾರೆ, ಇಲ್ಲವೇ ಹಿಂದಕ್ಕೆ ಒರಗಿ ಸೊಂಟ ಬಾಗಿಸಿಕೊಂಡು ಕೂರುತ್ತಾರೆ. ಇಂಥವರಿಗೆ ನಾಲ್ಕೈದು ಅಂಗುಲ ದಪ್ಪದ, ಗಟ್ಟಿಯಾದ ಒಂದು ದಿಂಬು ಅಲಂಕಾರದ ವಸ್ತುವಲ್ಲ, ದಿನನಿತ್ಯದ ಅವಶ್ಯಕತೆ.

ಸೊಂಟಕ್ಕೆ ಆಸರೆ ಬೇಕೆನಿಸುವವರಿಗೆ ಚೌಕದ ದಿಂಬಿಗಿಂತ ಆಯತಾಕಾರದ ದಿಂಬು ಉತ್ತಮ. 12×18 ಅಂಗುಲದ ದಿಂಬನ್ನು ಅಡ್ಡಲಾಗಿ, ಸೊಂಟದ ಒಳಬಾಗಿದ ಭಾಗಕ್ಕೆ ಕೂರುವಂತೆ ಇಡಬೇಕು. ಅದು ಮೇಲೆ ಸರಿದು ಭುಜದ ಮೂಳೆಗಳ ನಡುವೆ ಬಂದರೆ ತಲೆ ಮುಂದಕ್ಕೆ ಬಾಗುತ್ತದೆ. ಪ್ರಯೋಜನಕ್ಕಿಂತ ತೊಂದರೆಯೇ ಹೆಚ್ಚು.

ತಗ್ಗಿನ ಸೋಫಾದಿಂದ ಏಳಲು ಕಷ್ಟಪಡುವ ಹಿರಿಯರಿದ್ದರೆ ಅವರ ಕೆಳಗೆ ಮೆತ್ತನೆಯ ದಿಂಬು ಇಡಬೇಡಿ. ಮೆತ್ತನೆಯ ದಿಂಬು ಭಾರಕ್ಕೆ ಕುಸಿದು ಏಳುವುದನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಬೇಕಿದ್ದರೆ ಜಾರದಂತೆ ತಳಬಟ್ಟೆ ಹೊಲಿದ, ಗಟ್ಟಿ ಫೋಮಿನ ಚಪ್ಪಟೆ ಆಸನದಿಂಬು ಇಡಬಹುದು. ಸೋಫಾದ ಕೈಯಾಸರೆ ಅವರ ಹಿಡಿತಕ್ಕೆ ಸಿಗುವಂತಿರಲಿ. ಮೂಲೆಯಲ್ಲಿ ದಿಂಬು ಪೇರಿಸಿ ಅದನ್ನು ಮುಚ್ಚಬಾರದು.

ಹಸುಗೂಸು ಇರುವ ಮನೆಗಳಲ್ಲಿ ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ದಿಂಬುಗಳಾಗಲಿ, ಮೆತ್ತನೆಯ ಹೊದಿಕೆಗಳಾಗಲಿ ಇರಬಾರದೆಂದು ಮಕ್ಕಳ ವೈದ್ಯರು ಹೇಳುತ್ತಾರೆ. ಮಗು ಉರುಳದಿರಲೆಂದು ಸೋಫಾದ ಮೇಲೆ ಸುತ್ತ ದಿಂಬು ಇಟ್ಟು ಮಲಗಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಮುಖ ದಿಂಬಿಗೆ ತಾಗಿದರೆ ಪಕ್ಕಕ್ಕೆ ತಿರುಗಿಸಿಕೊಳ್ಳುವ ಶಕ್ತಿ ಎಳೆಯ ಮಗುವಿಗೆ ಇರುವುದಿಲ್ಲ. ರಕ್ಷಣೆಗೆಂದು ಇಟ್ಟದ್ದೇ ಉಸಿರುಗಟ್ಟಿಸುವ ಅಪಾಯವಿದೆ.

ಒಳಗೇನಿದೆ ಎಂದು ಕೇಳಿ

ಗವಸನ್ನು ಯಾವಾಗ ಬೇಕಾದರೂ ಬದಲಿಸಬಹುದು. ಒಳದಿಂಬು ಹಲವು ವರ್ಷಗಳ ಸಂಗಾತಿ. ಆದ್ದರಿಂದ ಬಜೆಟ್‌ನ ದೊಡ್ಡ ಪಾಲು ಒಳದಿಂಬಿಗೆ ಹೋದರೆ ನಷ್ಟವಿಲ್ಲ. ನಮ್ಮ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ತುಂಬುವಸ್ತುಗಳ ಗುಣಾವಗುಣ ಹೀಗಿದೆ.

ಹತ್ತಿ: ಗಾಳಿಯಾಡುತ್ತದೆ, ಬೆವರು ಹೀರುತ್ತದೆ, ಗಟ್ಟಿಯಾದ ಆಸರೆ ಕೊಡುತ್ತದೆ. ತೂಕ ಹೆಚ್ಚು. ದಿನಕಳೆದಂತೆ ಒತ್ತಿಕೊಂಡು ಗಂಟುಗಟ್ಟುತ್ತದೆ. ಆದರೆ ಗಂಟುಗಟ್ಟಿದ ಹತ್ತಿಯನ್ನು ಎಸೆಯಬೇಕಿಲ್ಲ. ಬಿಚ್ಚಿ, ಬಿಸಿಲಿಗೆ ಹಾಕಿ, ಹಿಂಜಿಸಿದರೆ ಮತ್ತೆ ಅರಳುತ್ತದೆ. ಹತ್ತಿ ಹಿಂಜಿ ಹಾಸಿಗೆ-ದಿಂಬು ಹೊಲಿಯುವುದು ಪಿಂಜಾರ ಅಥವಾ ನದಾಫ್ ಸಮುದಾಯದ ಕುಲಕಸುಬು. ಬಿಲ್ಲಿನ ತಂತಿಯನ್ನು ಮೀಟಿ ಹತ್ತಿ ಬಿಡಿಸುತ್ತಿದ್ದ ಆ ನಾದ ಈಗ ಅಪರೂಪವಾಗಿದ್ದರೂ, ಹಾಸಿಗೆ ಅಂಗಡಿಗಳಲ್ಲಿ ಯಂತ್ರದಿಂದ ಹಿಂಜಿಕೊಡುವವರು ಹಲವು ಊರುಗಳಲ್ಲಿ ಇದ್ದಾರೆ. ಒಂದೇ ಹತ್ತಿಯನ್ನು ಮತ್ತೆ ಮತ್ತೆ ಬಳಸುವ ಈ ಪದ್ಧತಿಗಿಂತ ಮಿತವ್ಯಯದ ದಾರಿ ಇನ್ನೊಂದಿಲ್ಲ.

ಬೂರುಗದ ಹತ್ತಿ: ಬೂರುಗ ಮರದ ಕಾಯಿ ಒಡೆದಾಗ ಸಿಗುವ ಈ ಎಳೆ ತೀರ ಗಿಡ್ಡ, ನುಣುಪು. ನೂಲಲು ಬಾರದ ಕಾರಣ ದಿಂಬು-ಹಾಸಿಗೆಗೇ ಮೀಸಲಾಯಿತು. ಹಗುರ, ಮೃದು. ಮೇಣದಂಥ ಲೇಪ ಇರುವುದರಿಂದ ನೀರನ್ನು ಬೇಗ ಹೀರುವುದಿಲ್ಲ. ಒಗೆಯಲು ಮಾತ್ರ ಯೋಗ್ಯವಲ್ಲ. ಹಳತಾದಂತೆ ಎಳೆ ಮುರಿದು ಪುಡಿಯಾಗುತ್ತದೆ. ಗವಸಿನ ನೇಯ್ಗೆ ಬಿಗಿಯಾಗಿರದಿದ್ದರೆ ಆ ಪುಡಿ ಹೊರಬರುತ್ತದೆ. ದೂಳಿಗೆ ಸೀನುವವರಿರುವ ಮನೆಗೆ ಇದು ಹೇಳಿಸಿದ್ದಲ್ಲ.

ಪಾಲಿಯೆಸ್ಟರ್ ಫೈಬರ್: ಇಂದು ಸಿದ್ಧ ಕುಶನ್‌ಗಳಲ್ಲಿ ಬಹುಪಾಲು ಇದೇ. ಅಗ್ಗ, ಹಗುರ, ಒಗೆಯಬಹುದು, ಬೇಗ ಒಣಗುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲಕ್ಕೆ ಈ ಗುಣ ಅನುಕೂಲ. ಕಡಿಮೆ ತುಂಬಿದ ಅಗ್ಗದ ದಿಂಬು ಕೆಲವೇ ತಿಂಗಳಲ್ಲಿ ಚಪ್ಪಟೆಯಾಗುತ್ತದೆ. ಕೊಳ್ಳುವಾಗ ದಿಂಬಿನ ನಡುಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಬಿಡಿ, ಕೂಡಲೇ ಮೇಲೇಳಬೇಕು. ಒಂದೇ ಅಳತೆಯ ಎರಡು ದಿಂಬುಗಳನ್ನು ಎರಡು ಕೈಗಳಲ್ಲಿ ಹಿಡಿದು ತೂಗಿ ನೋಡುವುದೂ ಒಳ್ಳೆಯ ಅಭ್ಯಾಸ.

ಫೋಮ್: ಆಕಾರ ಕೆಡುವುದಿಲ್ಲ, ಆಸನದಿಂಬಿಗೆ ಸೂಕ್ತ. ಒರಗುವ ದಿಂಬಿಗೆ ಕೆಲವರಿಗೆ ಇದು ಬಿರುಸೆನಿಸುತ್ತದೆ. ಬಿಸಿಲಿಗೂ ಗಾಳಿಗೂ ತೆರೆದಿಟ್ಟರೆ ಹಳದಿಗೆ ತಿರುಗಿ ಕ್ರಮೇಣ ಪುಡಿಯಾಗುತ್ತದೆ. ಆದ್ದರಿಂದ ಫೋಮನ್ನು ಸುಡುಬಿಸಿಲಿನಲ್ಲಿ ಒಣಗಿಸದೆ ನೆರಳಿನಲ್ಲಿ ಗಾಳಿಗೆ ಹಾಕಬೇಕು.

ಹಕ್ಕಿಯ ಗರಿ, ತುಪ್ಪುಳ ತುಂಬಿದ ದಿಂಬುಗಳೂ ದುಬಾರಿ ಮಳಿಗೆಗಳಲ್ಲಿ ಸಿಗುತ್ತವೆ. ಹಂಸತೂಲಿಕಾತಲ್ಪದ ವರ್ಣನೆ ಕೇಳಲು ಹಿತವೆನಿಸಿದರೂ ನಮ್ಮ ಸೆಕೆಗೆ, ತೇವಕ್ಕೆ ಅದರ ನಿರ್ವಹಣೆ ಸುಲಭವಲ್ಲ. ವಿದೇಶಿ ಗೃಹಾಲಂಕಾರದ ಚಿತ್ರಗಳಲ್ಲಿ ದಿಂಬಿನ ಮೇಲಂಚಿನ ನಡುವೆ ಅಂಗೈಯಿಂದ ಕಡಿದಂತೆ ಒಂದು ಕುಳಿ ಇರುವುದನ್ನು ನೀವು ಗಮನಿಸಿರಬಹುದು. ಆ ಕುಳಿ ನಿಲ್ಲುವುದು ಬಹುತೇಕ ಗರಿ ತುಂಬಿದ ದಿಂಬಿನಲ್ಲಿ. ಹತ್ತಿಯ ದಿಂಬಿನಲ್ಲಿ ಹಾಗೆ ಮಾಡಹೊರಟರೆ ಮೂಲೆಗಳು ಬೇಗ ಸಡಿಲಗೊಳ್ಳುತ್ತವೆ.

ಅಳತೆಯ ಲೆಕ್ಕ

ಚೌಕದ ದಿಂಬುಗಳು ಸಾಮಾನ್ಯವಾಗಿ 12, 16, 18, 20 ಮತ್ತು 24 ಅಂಗುಲದ ಅಳತೆಗಳಲ್ಲಿ ದೊರೆಯುತ್ತವೆ. ಬೆತ್ತದ ಅಥವಾ ಮರದ ಸಣ್ಣ ಸೋಫಾಕ್ಕೆ 16 ಅಂಗುಲ ಸಾಕು. ದೊಡ್ಡ ಮೆತ್ತೆಸೋಫಾಕ್ಕೆ 18 ಅಥವಾ 20 ಅಂಗುಲ ಒಪ್ಪುತ್ತದೆ. 24 ಅಂಗುಲದ್ದು ನೆಲದ ಮೇಲೆ ಕೂರಲು, ದಿವಾನದಲ್ಲಿ ಗೋಡೆಗೆ ಆನಿಸಲು ಸೂಕ್ತ. ನಿಂತ ದಿಂಬು ಸೋಫಾದ ಬೆನ್ನಿನ ಎತ್ತರವನ್ನು ಮೀರದಿರುವುದು ಚೆನ್ನ.

ಗವಸು ಮತ್ತು ಒಳದಿಂಬು ಒಂದೇ ಅಳತೆಯದಾಗಿದ್ದರೆ, ಫೈಬರ್ ದಿಂಬಿನ ಮೂಲೆಗಳು ಖಾಲಿಯಾಗಿ ಜೋಲುತ್ತವೆ. 16 ಅಂಗುಲದ ಗವಸಿಗೆ 17 ಅಥವಾ 18 ಅಂಗುಲದ ಫೈಬರ್ ಒಳದಿಂಬು ಹಾಕಿದರೆ ಮೂಲೆ ತುಂಬಿ ಬರುತ್ತದೆ. ಗಟ್ಟಿಯಾಗಿ ತುಂಬಿದ ಹತ್ತಿಗೆ ಹಾಗೂ ಫೋಮಿಗೆ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಸಮನಾದ ಅಳತೆಯೇ ಸರಿ.

ಮನೆಯಲ್ಲೇ ಹೊಲಿಯುವವರಿಗೆ ಒಂದು ಲೆಕ್ಕ. ಜಿಪ್ ಇಲ್ಲದೆ, ಹಿಂಬದಿಯಲ್ಲಿ ಒಂದರ ಮೇಲೊಂದು ಮಡಿಕೆ ಬರುವ 16 ಅಂಗುಲದ ಗವಸಿಗೆ ಹೊಲಿಗೆಯ ಅಂಚು ಸೇರಿ 17 ಅಂಗುಲ ಅಗಲದ ಬಟ್ಟೆ ಬೇಕು. ಉದ್ದದಲ್ಲಿ ಮುಂದಕ್ಕೆ 16, ಹಿಂದಕ್ಕೆ 16, ಮಡಿಕೆಗೆ 5, ಅಂಚು ಮಡಚಲು 2, ಒಟ್ಟು 39 ಅಂಗುಲ. ಅಂದರೆ 44 ಅಂಗುಲ ಪನ್ನದ ಬಟ್ಟೆ ಒಂದು ಮೀಟರಿನಲ್ಲಿ ಎರಡು ಗವಸುಗಳಾಗುತ್ತವೆ. ಕೈಮಗ್ಗದ ಹತ್ತಿ ಬಟ್ಟೆ ಮೊದಲ ಒಗೆತದಲ್ಲಿ ಕುಗ್ಗುವುದರಿಂದ ಒಂದೂಕಾಲು ಮೀಟರ್ ಕೊಂಡು, ಮೊದಲು ನೆನೆಸಿ ಒಣಗಿಸಿ, ಅನಂತರವೇ ಕತ್ತರಿಸಬೇಕು. ಜಿಪ್ ಇಲ್ಲದ ಗವಸಿನಲ್ಲಿ ಕೆಡುವ ಭಾಗವೇ ಇಲ್ಲ. ಒರಗಿದಾಗ ಚುಚ್ಚುವುದೂ ಇಲ್ಲ.

ಬಟ್ಟೆ: ನಮ್ಮ ಮಗ್ಗಗಳಲ್ಲೇ ಇದೆ ಸಂಪತ್ತು

ಕೆನ್ನೆ, ಕತ್ತು, ತೋಳು ತಾಗುವ ದಿಂಬಿಗೆ ಹತ್ತಿಬಟ್ಟೆಗಿಂತ ಹಿತವಾದದ್ದು ಇಲ್ಲ. ಹೊಳೆಯುವ ಪಾಲಿಯೆಸ್ಟರ್ ಗವಸು ಒಗೆಯಲು ಸುಲಭವಾದರೂ ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೈಗೆ ಅಂಟಿಕೊಳ್ಳುತ್ತದೆ. ಮಖಮಲ್ಲು ಚೆಲುವೆನಿಸುತ್ತದೆ, ಆದರೆ ದೂಳು ಹಿಡಿಯುತ್ತದೆ. ದಿನಬಳಕೆಗೆ ಖಾದಿ ಅಥವಾ ಕೈಮಗ್ಗದ ದಪ್ಪ ಹತ್ತಿಬಟ್ಟೆ, ಅಲಂಕಾರಕ್ಕೆ ಒಂದೆರಡು ವಿಶೇಷ ಗವಸು ಎಂಬ ವಿಂಗಡಣೆ ಜಾಣತನದ್ದು.

ವಿಶೇಷ ಗವಸಿಗಾಗಿ ದೂರ ಹುಡುಕಬೇಕಾಗಿಲ್ಲ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ ಮೂಲತಃ ರವಿಕೆಯ ಬಟ್ಟೆ. ರವಿಕೆಗೆಂದೇ ನೇಯುವುದರಿಂದ ಪನ್ನ ಕಿರಿದು. ಹಾಗಾಗಿ ಇಡೀ ಗವಸನ್ನು ಖಣದಲ್ಲೇ ಮಾಡಲು ಹೊರಡುವ ಬದಲು, ನಡುವೆ ಖಣದ ಪಟ್ಟಿ, ಎರಡು ಬದಿಗೆ ಸಾದಾ ಖಾದಿ ಜೋಡಿಸಿದರೆ ಒಂದು ಖಣದಲ್ಲಿ ಹಲವು ದಿಂಬುಗಳು ಸಿಂಗಾರಗೊಳ್ಳುತ್ತವೆ. ಹಿಂಬದಿಗೆ ಸಾದಾ ಹತ್ತಿ ಸಾಕು.

ಅದೇ ಜಿಲ್ಲೆಯ ಇಳಕಲ್ಲಿನ ಸೀರೆಯನ್ನೂ ಹೀಗೆ ಬಳಸಬಹುದು. ಅಜ್ಜಿಯ ಪೆಟ್ಟಿಗೆಯಲ್ಲಿ ಮಡಿಕೆಯಲ್ಲೇ ಬಿರಿದುಹೋದ ಇಳಕಲ್ ಸೀರೆ ಇದ್ದರೆ, ಉಡಲು ಬಾರದ ಆ ಸೀರೆಯ ಸೆರಗು ಮತ್ತು ದಡಿ ಬಹುಪಾಲು ಗಟ್ಟಿಯಾಗಿಯೇ ಇರುತ್ತವೆ. ಅವನ್ನು ತೆಳುವಾದ ಹತ್ತಿಯ ಅಸ್ತರಿಗೆ ಹೊಲಿದು ಗವಸು ಮಾಡಿದರೆ ಎಳೆ ಜಗ್ಗುವುದಿಲ್ಲ. ಇನ್ನೂ ಉಡಲು ಯೋಗ್ಯವಾದ ಸೀರೆಗೆ ಕತ್ತರಿ ಹಾಕುವುದು ಮಾತ್ರ ಬೇಡ.

ಧಾರವಾಡ ಸೀಮೆಯ ಕಸೂತಿ ಎಳೆ ಎಣಿಸಿ ಹಾಕುವ ಕಲೆ. ಗವಂತಿ, ಮುರಿಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳು ಅದಕ್ಕೆ ಆಧಾರ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುವುದರಿಂದ, ಕೈಕೆಲಸವನ್ನು ಗುರುತಿಸಲು ಗವಸನ್ನು ಒಳಮುಖ ತಿರುಗಿಸಿ ನೋಡುವುದೇ ಸಾಕು.

ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಕಸೂತಿಯದು ಬೇರೆಯೇ ವೈಭವ. ಗಾಢ ಬಣ್ಣದ ಬಟ್ಟೆ, ಕನ್ನಡಿ, ಕವಡೆ, ಒತ್ತೊತ್ತಾದ ದಾರದ ಕೆಲಸ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ, ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ಮಹಿಳೆಯರು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇಂಥ ಗವಸು ಕೋಣೆಗೆ ಒಂದಿದ್ದರೂ ಸಾಕು, ಕಣ್ಣು ಅಲ್ಲಿಗೇ ಹೋಗುತ್ತದೆ. ಆದರೆ ಕನ್ನಡಿ, ಕವಡೆಗಳು ಬೆನ್ನಿಗೆ ಒತ್ತುತ್ತವೆ. ಅದನ್ನು ಒರಗದ ಜಾಗದಲ್ಲಿ ಇಡಬೇಕು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಗುವಿದ್ದರೆ ಕೆಲಕಾಲ ಎತ್ತಿಡುವುದೇ ಕ್ಷೇಮ.

ಇಳಕಲ್ ಸೀರೆ, ಕಸೂತಿ ಮತ್ತು ಸಂಡೂರು ಲಂಬಾಣಿ ಕಸೂತಿ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೂ ಮಾರುಕಟ್ಟೆಯಲ್ಲಿ ಅನುಕರಣೆಗಳು ಕಡಿಮೆಯೇನಿಲ್ಲ. ಖಣದ ಚಿತ್ತಾರವನ್ನು ಪಾಲಿಯೆಸ್ಟರ್ ಮೇಲೆ ಮುದ್ರಿಸಿ ಮಾರುವುದುಂಟು. ನೇಯ್ದ ಚಿತ್ತಾರವಾದರೆ ಹಿಂಬದಿಯಲ್ಲಿ ಅದರ ಎಳೆಗಳ ಓಟ ಕಾಣುತ್ತದೆ. ಮುದ್ರಿಸಿದ್ದಾದರೆ ಹಿಂಬದಿ ಮಸುಕಾಗಿ ಅಥವಾ ಬರಿದಾಗಿ ಇರುತ್ತದೆ. ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆ, ಕರಕುಶಲ ನಿಗಮದ ಕಾವೇರಿ ಎಂಪೋರಿಯಂ, ಖಾದಿ ಭಂಡಾರಗಳಲ್ಲಿ ವಿಚಾರಿಸಿ ಕೊಳ್ಳಬಹುದು. ಸೀರೆ ಉಡುವವರ ಸಂಖ್ಯೆ ಕುಗ್ಗುತ್ತಿರುವ ದಿನಗಳಲ್ಲಿ ನೇಕಾರರ ಬಟ್ಟೆಗೆ ಹೊಸ ಉಪಯೋಗ ಹುಡುಕಿದರೆ ಮಗ್ಗಕ್ಕೂ ಒಂದಿಷ್ಟು ಕೆಲಸ ದೊರೆಯುತ್ತದೆ.

ಬಣ್ಣ ಕೊನೆಯಲ್ಲಿ

ಈಗ ಬಣ್ಣದ ಮಾತು. ಕೋಣೆಯಲ್ಲಿ ಆಗಲೇ ಇರುವ ಬಣ್ಣಗಳಿಂದ ಆರಂಭಿಸಿ: ನೆಲ, ಗೋಡೆ, ಪರದೆ, ಸೋಫಾ. ಗೃಹಾಲಂಕಾರದವರು 60-30-10 ಎಂಬ ಸರಳ ಸೂತ್ರ ಬಳಸುತ್ತಾರೆ. ಕೋಣೆಯಲ್ಲಿ ಶೇಕಡಾ 60ರಷ್ಟು ಒಂದು ಪ್ರಧಾನ ಬಣ್ಣ, 30ರಷ್ಟು ಅದಕ್ಕೆ ಹೊಂದುವ ಮತ್ತೊಂದು, 10ರಷ್ಟು ಎದ್ದುಕಾಣುವ ಮೂರನೆಯದು. ದಿಂಬು ಸಾಮಾನ್ಯವಾಗಿ ಈ ಕೊನೆಯ ಹತ್ತರ ಪಾಲಿಗೆ ಸೇರಿದ್ದು. ಆದ್ದರಿಂದ ಗಾಢ ಬಣ್ಣಕ್ಕೆ ಹೆದರಬೇಕಿಲ್ಲ. ಸಂಖ್ಯೆ ಮಾತ್ರ ಮಿತಿಯಲ್ಲಿರಲಿ.

ಬೂದು ಅಥವಾ ಗೋದಿ ಬಣ್ಣದ ಸೋಫಾದ ಮೇಲೆ ಇಳಕಲ್ಲಿನ ದಾಳಿಂಬೆ ಕೆಂಪು, ಗಿಳಿಹಸಿರು ಚೆನ್ನಾಗಿ ಬೆಳಗುತ್ತವೆ. ಕಾವಿ ನೆಲದ ಹಳೆಯ ಮನೆಯಲ್ಲಿ ಕೆಂಪಿನ ಮೇಲೆ ಕೆಂಪು ಸೇರಿಸುವ ಬದಲು ಕೆನೆಬಿಳಿ, ನೀಲಿ ಅಥವಾ ಸಾಸಿವೆ ಹಳದಿ ಒಪ್ಪುತ್ತದೆ. ಸೋಫಾದ ಬಟ್ಟೆಯಲ್ಲೇ ಚಿತ್ತಾರವಿದ್ದರೆ ದಿಂಬು ಸಾದಾ ಇರಲಿ. ಸೋಫಾ ಸಾದಾ ಇದ್ದರೆ ದಿಂಬಿನಲ್ಲಿ ಚಿತ್ತಾರವಿರಲಿ. ಹಲವು ಚಿತ್ತಾರಗಳನ್ನು ಬೆರೆಸುವಾಗ ಒಂದು ದೊಡ್ಡ ವಿನ್ಯಾಸ, ಒಂದು ಸಣ್ಣ ವಿನ್ಯಾಸ, ಒಂದು ಸಾದಾ ಎಂದು ಇಟ್ಟುಕೊಂಡು ಮೂರರಲ್ಲೂ ಒಂದು ಬಣ್ಣ ಸಮಾನವಾಗಿರುವಂತೆ ನೋಡಿಕೊಂಡರೆ ಗೊಂದಲವಾಗುವುದಿಲ್ಲ.

ಅಂಗಡಿಯ ಬಿಳಿ ದೀಪದಲ್ಲಿ ಕಂಡ ಬಣ್ಣ ಮನೆಯ ಹಳದಿ ದೀಪದಲ್ಲಿ ಹಾಗೆಯೇ ಕಾಣುವುದಿಲ್ಲ. ಸಾಧ್ಯವಾದರೆ ಮೊದಲು ಒಂದೇ ಗವಸು ತಂದು ಹಗಲಿನ ಬೆಳಕಿನಲ್ಲೂ ರಾತ್ರಿಯ ದೀಪದಲ್ಲೂ ನೋಡಿ, ಬಳಿಕ ಉಳಿದವನ್ನು ಕೊಳ್ಳಿ. ಕಿಟಕಿಯ ಬಿಸಿಲು ನೇರವಾಗಿ ಬೀಳುವ ಕಡೆ ಗಾಢ ಬಣ್ಣ ಬೇಗ ಮಾಸುತ್ತದೆ. ವಾರಕ್ಕೊಮ್ಮೆ ದಿಂಬಿನ ಮಗ್ಗುಲು ಬದಲಿಸಬೇಕು.

ಜೋಡಿಸುವ ಬಗೆ

ಕೈಯಾಸರೆಗಳ ನಡುವೆ 66 ಅಂಗುಲ ಇರುವ ಮೂರು ಆಸನದ ಸೋಫಾವನ್ನು ತೆಗೆದುಕೊಳ್ಳಿ. ಒಬ್ಬೊಬ್ಬರ ಪಾಲಿಗೆ ಬರುವುದು 22 ಅಂಗುಲ. ಎರಡು ಮೂಲೆಗಳಲ್ಲಿ 18 ಅಂಗುಲದ ಒಂದೊಂದು ದಿಂಬು, ಒಂದು ಬದಿಯಲ್ಲಿ ಅದರ ಮುಂದೆ 12×18ರ ಆಯತದ ದಿಂಬು ಇಟ್ಟರೆ ನಡುವಿನ ಆಸನ ಪೂರ್ತಿ ತೆರವಾಗಿರುತ್ತದೆ. ಮೂರು ದಿಂಬುಗಳಿಂದ ಸೋಫಾ ಭರ್ತಿಯಾಗಿಯೂ ಕಾಣುತ್ತದೆ. ಇಲ್ಲಿ ಏಳೆಂಟು ದಿಂಬು ಪೇರಿಸಿದರೆ ಮೂವರು ಕೂರುವ ಸೋಫಾದಲ್ಲಿ ಇಬ್ಬರಿಗೂ ಜಾಗ ಸಾಲದು.

ದೊಡ್ಡದು ಹಿಂದೆ, ಸಣ್ಣದು ಮುಂದೆ ಎಂಬುದು ಜೋಡಣೆಯ ಸಾಮಾನ್ಯ ನಿಯಮ. ಎರಡು ಬದಿಯೂ ಒಂದೇ ತೆರನಾಗಿದ್ದರೆ ಕೋಣೆಗೆ ಶಿಸ್ತಿನ ನೋಟ ಬರುತ್ತದೆ. ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು ಇಟ್ಟರೆ ಸಲೀಸಾದ, ಮನೆತನದ ನೋಟ. ಒಂಟಿ ಕುರ್ಚಿಗೆ ಒಂದೇ ದಿಂಬು. ಅದೂ ಆಯತಾಕಾರದ್ದಾದರೆ ಒಳ್ಳೆಯದು.

ದಿವಾನದ ಲೆಕ್ಕ ಬೇರೆ. ಸುಮಾರು ಮೂರು ಅಡಿ ಅಗಲದ ದಿವಾನವನ್ನು ಗೋಡೆಗೆ ತಾಗಿಸಿಟ್ಟಾಗ, ಗೋಡೆಗೆ ಒರಗಿದವರ ಕಾಲು ನೆಲಕ್ಕೆ ಎಟುಕುವುದಿಲ್ಲ. ದಿಂಬಿಗೆ ಹಳೆಯ ಕೆಲಸ ಮರಳಿ ಸಿಗುವುದು ಇಲ್ಲಿ. ಗೋಡೆಯುದ್ದಕ್ಕೂ 20 ಅಥವಾ 24 ಅಂಗುಲದ ಮೂರು ದಪ್ಪ ದಿಂಬು, ಎರಡು ತುದಿಗೆ ಒಂದೊಂದು ಲೋಡು ಇಟ್ಟರೆ ದಿವಾನ ಕೂರಲು ಯೋಗ್ಯವಾಗುತ್ತದೆ. ಇಲ್ಲಿ ದಿಂಬು ಕಡಿಮೆ ಮಾಡುವುದೇ ತಪ್ಪು. ತೂಗುಮಂಚಕ್ಕೆ ಕಟ್ಟುದಾರವಿರುವ ಚಪ್ಪಟೆ ದಿಂಬು ಆರಿಸಿ, ತೂಗುವಾಗ ಜಾರುವುದಿಲ್ಲ.

ಮಂಚದ ಮೇಲಿನ ಅಲಂಕಾರದ ದಿಂಬುಗಳನ್ನು ರಾತ್ರಿ ಎಲ್ಲಿಡುತ್ತೀರಿ ಎಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ನೆಲವೇ ಅವುಗಳ ರಾತ್ರಿಯ ತಾಣವಾದರೆ, ದಿನವಿಡೀ ನಡೆದಾಡಿದ ನೆಲದ ದೂಳು ಬೆಳಿಗ್ಗೆ ಹಾಸಿಗೆಯನ್ನು ಏರುತ್ತದೆ. ಎತ್ತಿಡಲು ಕುರ್ಚಿಯೋ ಪೆಟ್ಟಿಗೆಯೋ ಇಲ್ಲದಿದ್ದರೆ ಒಂದು ಅಥವಾ ಎರಡಕ್ಕೆ ಮಿತಿಗೊಳಿಸುವುದು ಲೇಸು.

ದೂಳು, ತೇವ, ಬಿಸಿಲು

ಬರಿಗಣ್ಣಿಗೆ ಸುಲಭವಾಗಿ ಕಾಣದ, ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಗಾತ್ರದ ದೂಳುಹುಳಗಳು ದಿಂಬು-ಹಾಸಿಗೆಗಳಲ್ಲಿ ವಾಸಿಸುತ್ತವೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅವುಗಳ ಆಹಾರ. ಅವು ಕಚ್ಚುವುದಿಲ್ಲ, ಆದರೆ ಅವುಗಳ ಹಿಕ್ಕೆ ಉಸಿರಿನೊಂದಿಗೆ ಒಳಹೋದಾಗ ಅಲರ್ಜಿ ಇರುವವರಲ್ಲಿ ಸೀನು, ಮೂಗು ಸೋರಿಕೆ, ಉಬ್ಬಸ ಕೆರಳುತ್ತದೆ. ಈ ಹುಳಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿಕೊಳ್ಳುತ್ತವೆ. ಗಾಳಿಯಲ್ಲಿ ಸಾಪೇಕ್ಷ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ಅವು ಬದುಕುವುದು ಕಷ್ಟ. ಮಂಗಳೂರು, ಕಾರವಾರ, ಮಡಿಕೇರಿಯ ಮಳೆಗಾಲ ಅವುಗಳಿಗೆ ಸುಗ್ಗಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಉಬ್ಬಸದ ತೊಂದರೆ ಇರುವ ಮಗುವೋ ಹಿರಿಯರೋ ಮನೆಯಲ್ಲಿದ್ದರೆ ದಿಂಬುಗಳ ಸಂಖ್ಯೆಯನ್ನೇ ತಗ್ಗಿಸಬೇಕು. ಒಗೆಯಬಹುದಾದ ಒಳದಿಂಬು, ಬಿಗಿ ನೇಯ್ಗೆಯ ಒಳಗವಸು, ಸುಲಭವಾಗಿ ಕಳಚುವ ಹೊರಗವಸು ಇವು ಮೂರೂ ಇರಲಿ. ಎರಡು ವಾರಕ್ಕೊಮ್ಮೆ ಹೊರಗವಸನ್ನು ಒಗೆಯಿರಿ. 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ದೂಳುಹುಳಗಳು ಸಾಯುತ್ತವೆ. ಆದರೆ ಬಣ್ಣ ಬಿಡುವ ಕೈಮಗ್ಗದ ಬಟ್ಟೆ, ಕಸೂತಿ, ರೇಷ್ಮೆ ಈ ಶಾಖವನ್ನು ತಾಳವು. ಆ ಕಾರಣಕ್ಕೆ ದಿನವೂ ಒರಗುವ ದಿಂಬಿಗೆ ಬಿಸಿನೀರು ತಾಳುವ ಸಾದಾ ಹತ್ತಿಯ ಗವಸು ಹಾಕಿ, ಕಸೂತಿಯದನ್ನು ಪ್ರದರ್ಶನಕ್ಕೆ ಮೀಸಲಿಡಬೇಕು. ಕಸೂತಿ ಗವಸನ್ನು ಒಳಮುಖ ತಿರುಗಿಸಿ, ತಣ್ಣೀರಿನಲ್ಲಿ ಕೈಯಿಂದ ತೊಳೆದು, ನೆರಳಿನಲ್ಲಿ ಒಣಗಿಸಬೇಕು.

ಹತ್ತಿಯ ಮತ್ತು ಫೈಬರಿನ ದಿಂಬುಗಳನ್ನು ಬಿಸಿಲಿಗೆ ಹಾಕುವ ನಮ್ಮ ಹಿರಿಯರ ಪದ್ಧತಿ ಇಂದಿಗೂ ಸಮಂಜಸವೇ. ಬಿಸಿಲು ತೇವ ಆರಿಸುತ್ತದೆ; ಬೂಸ್ಟು ಹಿಡಿಯದಂತೆ ಕಾಯುತ್ತದೆ. ಆದರೆ ಹುಳಗಳ ಹಿಕ್ಕೆ ಬಿಸಿಲಿಗೆ ಹೋಗುವುದಿಲ್ಲ. ಅದಕ್ಕೆ ಒಗೆತವೇ ಬೇಕು. ದಿಂಬನ್ನು ಕೋಲಿನಿಂದ ಬಡಿಯುವುದಾದರೆ ಮನೆಯ ಹೊರಗೆ, ಅಲರ್ಜಿ ಇಲ್ಲದವರು ಮಾಡಲಿ.

ಮುಪ್ಪಾದ ದಿಂಬನ್ನು ಗುರುತಿಸುವುದು ಹೇಗೆ? ಫೈಬರ್ ದಿಂಬನ್ನು ಅರ್ಧಕ್ಕೆ ಮಡಚಿ ಕೈಬಿಡಿ. ತಾನಾಗಿ ಬಿಚ್ಚಿಕೊಂಡರೆ ಇನ್ನೂ ಜೀವವಿದೆ. ಮಡಚಿದಂತೆಯೇ ಬಿದ್ದಿದ್ದರೆ ಅದರ ಆಯುಸ್ಸು ಮುಗಿಯಿತು. ಹಾಗೆಂದು ಕೂಡಲೇ ಕಸದ ಗಾಡಿಗೆ ಹಾಕಬೇಡಿ. ಚಪ್ಪಟೆಯಾದ ಎರಡು ದಿಂಬುಗಳ ಫೈಬರನ್ನು ಹೊರತೆಗೆದು, ಒಗೆದು, ಕೈಯಿಂದ ಬಿಡಿಸಿ ಒಂದೇ ಗವಸಿಗೆ ತುಂಬಿದರೆ ಒಂದು ಒಳ್ಳೆಯ ದಿಂಬು ಸಿದ್ಧ.

ಒಂದು ವಾರದ ಪರೀಕ್ಷೆ

ಹೊಸ ದಿಂಬು ಕೊಳ್ಳುವ ಮೊದಲು ಮನೆಯಲ್ಲಿರುವ ದಿಂಬುಗಳನ್ನೇ ಒಂದು ವಾರ ಗಮನಿಸಿ. ಸೋಮವಾರ ಎಲ್ಲವನ್ನೂ ಅವುಗಳ ಜಾಗದಲ್ಲಿ ಜೋಡಿಸಿ, ಭಾನುವಾರದವರೆಗೆ ಯಾವುದನ್ನೂ ಸರಿಪಡಿಸದೆ ಬಿಡಿ. ನೆಲಕ್ಕೆ ಬಿದ್ದವು, ಕುರ್ಚಿಯ ಹಿಂದೆ ಸೇರಿದವು, ಯಾರೂ ಮುಟ್ಟದೆ ಮೂಲೆಯಲ್ಲೇ ಉಳಿದವು ಹೆಚ್ಚಾದವು ಎಂದು ತಿಳಿಯಿರಿ. ಮನೆಮಂದಿ ಬೆನ್ನಿಗೋ, ತೊಡೆಗೋ, ಮೊಣಕೈಗೋ ಎಳೆದುಕೊಂಡವು ಬೇಕಾದವು. ಯಾರ ಬೆನ್ನ ಹಿಂದೆ ಮಡಚಿದ ಟವೆಲ್ಲೋ ಹೊದಿಕೆಯೋ ಕಾಣಿಸಿತೋ ಅಲ್ಲಿ ಇನ್ನೊಂದು ದಿಂಬು ಬೇಕಾಗಿದೆ.

ಈ ಪಟ್ಟಿಯನ್ನು ಹಿಡಿದು ಅಂಗಡಿಗೆ ಹೋದರೆ ಕೊಳ್ಳಬೇಕಾದದ್ದು ಬಹುಶಃ ಒಂದೋ ಎರಡೋ ಇರುತ್ತದೆ. ಉಳಿದ ಹಣದಲ್ಲಿ ಒಂದು ಒಳ್ಳೆಯ ಖಣ ಕೊಳ್ಳಬಹುದು.